ಮರ್ಜಿಯೋ, ಜಮೀರೋ? ಮೈಕೇಲ್ ಸ್ಯಾಂಡೆಲ್ ಕೇಳಿದ ಪ್ರಶ್ನೆ

1986ರ ಮಾರ್ಚ್ 25ರಂದು ಅಮೆರಿಕದ ಸುಪ್ರೀಂ ಕೋರ್ಟು ಒಂದು ಟೋಪಿಯ ವಿಷಯದಲ್ಲಿ ತೀರ್ಪು ಕೊಟ್ಟಿತು. ಟೋಪಿ ಅಂದರೆ ಅಂಗೈ ಅಗಲದ್ದು, ಯಹೂದಿ ಗಂಡಸರು ನೆತ್ತಿಯ ಮೇಲೆ ಇಟ್ಟುಕೊಳ್ಳುವ ಯಾರ್ಮುಲ್ಕೆ. ಅದನ್ನು ಇಟ್ಟುಕೊಂಡವರು ಸಿಮ್ಖಾ ಗೋಲ್ಡ್‌ಮನ್. ವಾಯುಪಡೆಯಲ್ಲಿ ಕ್ಯಾಪ್ಟನ್, ಕ್ಯಾಲಿಫೋರ್ನಿಯಾದ ಮಾರ್ಚ್ ವಾಯುನೆಲೆಯಲ್ಲಿ ಮನಃಶಾಸ್ತ್ರಜ್ಞ, ಜೊತೆಗೆ ದೀಕ್ಷೆ ಪಡೆದ ರಬ್ಬಿ. ಆಸ್ಪತ್ರೆಯ ಒಳಗೆ ಯಾರ್ಮುಲ್ಕೆ, ಹೊರಗೆ ಬಂದರೆ ಅದರ ಮೇಲೆಯೇ ಸೇನೆಯ ಕ್ಯಾಪು. ವರ್ಷಗಟ್ಟಲೆ ಯಾರೂ ಏನೂ ಅಂದಿರಲಿಲ್ಲ. 1981ರ ಏಪ್ರಿಲ್‌ನಲ್ಲಿ ಅವರು ಒಂದು ಸೇನಾ ವಿಚಾರಣೆಯಲ್ಲಿ ಆರೋಪಿಯ ಪರವಾಗಿ ಸಾಕ್ಷಿ ಹೇಳಿದರು. ಆಮೇಲೆ ಎದುರು ಪಕ್ಷದ ವಕೀಲರಿಗೆ ಇದ್ದಕ್ಕಿದ್ದಂತೆ ಆ ಟೋಪಿ ಕಾಣಿಸಿತು! ದೂರು ಹೋಯಿತು, ಆದೇಶ ಬಂತು, ಮೊಕದ್ದಮೆ ಐದು ವರ್ಷ ನಡೆಯಿತು. ಕೊನೆಗೆ ಐದು ನ್ಯಾಯಮೂರ್ತಿಗಳು ವಾಯುಪಡೆಯ ಪರ, ನಾಲ್ವರು ಗೋಲ್ಡ್‌ಮನ್ ಪರ. ಗೋಲ್ಡ್‌ಮನ್ ಸೋತರು.

ಸೋಲಿಗಿಂತ ನಾವು ಗಮನಿಸಬೇಕಾದದ್ದು ತೀರ್ಪಿನ ಭಾಷೆಯನ್ನು. ಬಹುಮತದ ತೀರ್ಪು ಬರೆದ ರೆನ್‌ಕ್ವಿಸ್ಟ್ ಅವರ ವಾದ ಸರಳ. ಸಮವಸ್ತ್ರ ಇರುವುದೇ ಒಬ್ಬೊಬ್ಬರ ವೈಯಕ್ತಿಕ ಇಷ್ಟಗಳನ್ನು, ಗುರುತುಗಳನ್ನು ಗುಂಪಿನ ಕೆಲಸದ ಮುಂದೆ ಹಿಂದಕ್ಕೆ ಸರಿಸಲು. ಇಲ್ಲಿ ಯಾರ್ಮುಲ್ಕೆ ಬಂದು ಕೂತಿರುವ ಸಾಲು ಯಾವುದು ನೋಡಿ. 'ವೈಯಕ್ತಿಕ ಇಷ್ಟ' ಎಂಬ ಸಾಲು. ಒಬ್ಬನಿಗೆ ಬಣ್ಣದ ಸಾಕ್ಸು ಇಷ್ಟ, ಇನ್ನೊಬ್ಬನಿಗೆ ಉದ್ದ ಕೂದಲು ಇಷ್ಟ, ಗೋಲ್ಡ್‌ಮನ್‌ಗೆ ಟೋಪಿ ಇಷ್ಟ. ಒಮ್ಮೆ ಹೀಗೆ ಲೆಕ್ಕ ಹಾಕಿಬಿಟ್ಟರೆ ಮುಂದಿನ ತೀರ್ಪು ತಾನಾಗಿಯೇ ಬರುತ್ತದೆ. ಇಷ್ಟವನ್ನು ಡ್ಯೂಟಿ ಮುಗಿಯುವ ತನಕ ತಡೆದುಕೊಳ್ಳಪ್ಪ ಅಂದರಾಯಿತು.

ಉರ್ದುವಿನಲ್ಲಿ ನಮಗೆ ಎರಡು ಬೇರೆ ಮಾತುಗಳಿವೆ. ಮರ್ಜಿ ಒಂದು, ಜಮೀರ್ ಇನ್ನೊಂದು. ಮರ್ಜಿ ಕನ್ನಡಕ್ಕೂ ಬಂದು ಬೇರು ಬಿಟ್ಟಿದೆ, 'ಅವರ ಮರ್ಜಿ ಹಿಡಿಯಬೇಕು' ಅನ್ನುತ್ತೇವೆ. ಜಮೀರ್ ಬರಲಿಲ್ಲ, ಏಕೆಂದರೆ ಕನ್ನಡದಲ್ಲಿ ಆತ್ಮಸಾಕ್ಷಿ ಎಂಬ ಒಳ್ಳೆಯ ಮಾತು ಆಗಲೇ ಇತ್ತು. ಮರ್ಜಿ ನನ್ನ ಕೈಲಿರುತ್ತದೆ, ಇವತ್ತು ಹೀಗೆ, ನಾಳೆ ಹಾಗೆ. ಜಮೀರ್ ನನ್ನ ಕೈಲಿಲ್ಲ, ನಾನೇ ಅದರ ಕೈಲಿದ್ದೇನೆ. ಈ ಎರಡನ್ನೂ ಆಧುನಿಕ ಕಾನೂನು ಕಲಸಿಬಿಟ್ಟಿದೆ ಎಂದು ಜೋರಾಗಿ ಹೇಳಿದವರು ಹಾರ್ವರ್ಡ್ ವಿಶ್ವವಿದ್ಯಾಲಯದ ಮೈಕೇಲ್ ಸ್ಯಾಂಡೆಲ್. ಯೂಟ್ಯೂಬಿನಲ್ಲಿ ಅವರ ಪಾಠ ನೋಡಿದವರು ನಿಮ್ಮಲ್ಲಿ ಅನೇಕರು ಇರಬಹುದು. ಹಳಿ ತಪ್ಪಿದ ಟ್ರಾಲಿ, ಐದು ಜನ ಸಾಯಬೇಕೋ ಒಬ್ಬ ಸಾಯಬೇಕೋ ಎಂಬ ಆ ಪಾಠ. ಆದರೆ ನನಗೆ ಮುಖ್ಯವಾದ ಸ್ಯಾಂಡೆಲ್ ಟ್ರಾಲಿಯವರಲ್ಲ, ಗೋಲ್ಡ್‌ಮನ್ ಟೋಪಿಯ ಬಗ್ಗೆ ಬರೆದವರು.

ಸ್ಯಾಂಡೆಲ್ ಹುಟ್ಟಿದ್ದು 1953ರಲ್ಲಿ, ಮಿನಿಯಾಪೊಲಿಸ್ ನಗರದ ಯಹೂದಿ ಕುಟುಂಬವೊಂದರಲ್ಲಿ. ಹದಿಮೂರನೇ ವಯಸ್ಸಿಗೆ ಮನೆಯವರು ಲಾಸ್ ಏಂಜಲೀಸ್‌ಗೆ ಬಂದರು. ಹೈಸ್ಕೂಲಿನಲ್ಲಿ ವಿದ್ಯಾರ್ಥಿ ಸಂಘದ ಅಧ್ಯಕ್ಷ. ಆಗ ಕ್ಯಾಲಿಫೋರ್ನಿಯಾದ ಗವರ್ನರ್ ರೊನಾಲ್ಡ್ ರೇಗನ್. ಅವರಿಗೆ ಜೆಲ್ಲಿ ಬೀನ್ ಮಿಠಾಯಿ ಇಷ್ಟ ಎಂದು ಎಲ್ಲೋ ಓದಿ, ಒಂದು ಚೀಲ ಮಿಠಾಯಿ ಅವರ ಮನೆಗೆ ಮುಟ್ಟಿಸಿ ಶಾಲೆಗೆ ವಾದಕ್ಕೆ ಕರೆದರಂತೆ. ರೇಗನ್ ಬಂದರು! ಶಾಲೆಯ ಹುಡುಗರೆಲ್ಲ ವಿಯೆಟ್ನಾಂ ಯುದ್ಧದ ವಿರುದ್ಧ ಇದ್ದವರು, ರೇಗನ್ ಪರ ಇದ್ದವರು ಇಲ್ಲವೇ ಇಲ್ಲ ಅನ್ನಬಹುದು. ಹದಿನೆಂಟರ ಸ್ಯಾಂಡೆಲ್ ಸುಲಭವಾಗಿ ಗೆಲ್ಲುತ್ತೇನೆ ಅಂದುಕೊಂಡಿದ್ದರು. ರೇಗನ್ ಒಂದೊಂದು ಪ್ರಶ್ನೆಗೂ ನಗುತ್ತಾ, ಗೌರವದಿಂದ ಉತ್ತರ ಕೊಟ್ಟು ಸಭೆಯನ್ನೇ ಒಲಿಸಿಕೊಂಡು ಹೋದರು. ಈ ಕಥೆಯನ್ನು ಸ್ಯಾಂಡೆಲ್ ಅವರೇ ಅನೇಕ ಸಲ ಹೇಳಿದ್ದಾರೆ.

ಆಮೇಲೆ ಬ್ರಾಂಡೈಸ್ ವಿಶ್ವವಿದ್ಯಾಲಯ. 1974ರ ಬೇಸಿಗೆಯಲ್ಲಿ ಹ್ಯೂಸ್ಟನ್ ಕ್ರಾನಿಕಲ್ ಪತ್ರಿಕೆಗೆ ವಾಷಿಂಗ್ಟನ್‌ನಲ್ಲಿ ವರದಿಗಾರಿಕೆ. ಅದು ನಿಕ್ಸನ್ ಅವರ ವಾಟರ್‌ಗೇಟ್ ಬೇಸಿಗೆ. ರಾಜಕೀಯಕ್ಕೋ ಪತ್ರಿಕೆಗೋ ಹೋಗಬಹುದಾಗಿದ್ದ ಹುಡುಗ, ರೋಡ್ಸ್ ಸ್ಕಾಲರ್‌ಶಿಪ್ ಮೇಲೆ ಆಕ್ಸ್‌ಫರ್ಡಿಗೆ ಹೋದ. ಮೊದಲ ಚಳಿಗಾಲದ ರಜೆಯಲ್ಲಿ ಗೆಳೆಯನೊಬ್ಬನ ಜೊತೆ ದಕ್ಷಿಣ ಸ್ಪೇನಿಗೆ ಹೋಗುವಾಗ ಚೀಲದಲ್ಲಿ ಕೆಲವು ಪುಸ್ತಕ ಹಾಕಿಕೊಂಡಿದ್ದ. ಕಾಂಟ್, ಹನ್ನಾ ಅರೆಂಟ್, ರಾಬರ್ಟ್ ನೋಜಿಕ್ ಮತ್ತು ಜಾನ್ ರಾಲ್ಸ್. ಅರ್ಥಶಾಸ್ತ್ರ ಮಾಡಲು ಹೊರಟವನು ತತ್ವಶಾಸ್ತ್ರಕ್ಕೆ ಸಿಕ್ಕಿಬಿದ್ದ. ಅಲ್ಲಿ ಅವರಿಗೆ ಗುರುವಾಗಿ ಸಿಕ್ಕಿದ್ದು ಕೆನಡಾದ ಚಾರ್ಲ್ಸ್ ಟೇಲರ್. 1980ರಿಂದ ಸ್ಯಾಂಡೆಲ್ ಹಾರ್ವರ್ಡಿನಲ್ಲಿ ಮೇಷ್ಟರು.

ರಾಲ್ಸ್ ಯಾರು ಅಂತ ಸ್ವಲ್ಪ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. 1971ರಲ್ಲಿ ಬಂದ ಅವರ 'ಎ ಥಿಯರಿ ಆಫ್ ಜಸ್ಟಿಸ್' ಇಪ್ಪತ್ತನೇ ಶತಮಾನದ ರಾಜಕೀಯ ಚಿಂತನೆಯನ್ನೇ ತಿರುಗಿಸಿದ ಪುಸ್ತಕ. ಅದರಲ್ಲಿ ಅವರು ನಮಗೆ ಒಂದು ಕಲ್ಪನೆ ಮಾಡಿಕೊಳ್ಳಲು ಹೇಳುತ್ತಾರೆ. ಸಮಾಜದ ನಿಯಮ ಬರೆಯಲು ಕೂತಿದ್ದೇವೆ, ಆದರೆ ನಮ್ಮ ಮುಂದೆ ಅಜ್ಞಾನದ ಪರದೆ ಇಳಿಬಿಟ್ಟಿದೆ. ನಾನು ಶ್ರೀಮಂತನೋ ಬಡವನೋ, ಯಾವ ಧರ್ಮ, ಯಾವ ಜನಾಂಗ, ಬುದ್ಧಿವಂತನೋ ದಡ್ಡನೋ, ಏನೂ ಗೊತ್ತಿಲ್ಲ. ಆಗ ಬರೆಯುವ ನಿಯಮವೇ ನ್ಯಾಯ, ಏಕೆಂದರೆ ಯಾರಿಗೂ ತನ್ನ ಕಡೆ ಎಳೆದುಕೊಳ್ಳಲು ಆಗುವುದಿಲ್ಲ. ಬಡವನಾಗಿ ಹುಟ್ಟಿಬಿಟ್ಟರೆ ಎಂಬ ಭಯಕ್ಕಾದರೂ ಬಡವನ ಪರ ನಿಯಮ ಬರೆಯುತ್ತೇವೆ. ಅಲ್ಪಸಂಖ್ಯಾತರಿಗೆ ಇದು ಎಷ್ಟು ಸಮಾಧಾನ ಕೊಡುವ ವಿಚಾರ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಸರ್ಕಾರ ಯಾವ ಧರ್ಮದ ಕಡೆಗೂ, ಯಾರ 'ಒಳ್ಳೆಯ ಬದುಕಿನ' ಕಲ್ಪನೆಯ ಕಡೆಗೂ ವಾಲಬಾರದು, ಹಕ್ಕು ಮಾತ್ರ ಕಾಯಬೇಕು.

1982ರಲ್ಲಿ ಸ್ಯಾಂಡೆಲ್ ತಮ್ಮ ಮೊದಲ ಪುಸ್ತಕ 'ಲಿಬರಲಿಸಂ ಅಂಡ್ ದ ಲಿಮಿಟ್ಸ್ ಆಫ್ ಜಸ್ಟಿಸ್'ನಲ್ಲಿ ಕೈಹಾಕಿದ್ದು ಇದಕ್ಕೇ. ಹೊಡೆತ ಎಲ್ಲಿಗೆ ಬಿತ್ತು ಅಂದರೆ, ಆ ಪರದೆಯ ಹಿಂದೆ ಕೂತಿರುವ ಮನುಷ್ಯನ ಮೇಲೆ. ತಾಯಿ ಇಲ್ಲ, ಭಾಷೆ ಇಲ್ಲ, ಊರಿಲ್ಲ, ದೇವರಿಲ್ಲ, ಇವೆಲ್ಲ ಆಮೇಲೆ ಆರಿಸಿಕೊಳ್ಳುವ ಸಾಮಾನು. ಇಂಥ ಹೊರೆಯಿಲ್ಲದ ಮನುಷ್ಯ ಎಲ್ಲಿದ್ದಾನೆ? ನನ್ನ ಮಾತೇ ತಗೊಳ್ಳಿ. ಮನೆಯಲ್ಲಿ ದಖ್ಖನಿ, ಶಾಲೆಯಲ್ಲಿ ಕನ್ನಡ, ಈಗ ಪುಣೆಯಲ್ಲಿ ಪಾಠ. ಇವುಗಳಲ್ಲಿ ಪುಣೆಯನ್ನು ನಾನು ಆರಿಸಿಕೊಂಡೆ ಅನ್ನಬಹುದು, ಅದೂ ಕೆಲಸ ಸಿಕ್ಕಿದ್ದರಿಂದ. ದಖ್ಖನಿಯನ್ನು ನಾನು ಆರಿಸಿಕೊಂಡಿಲ್ಲ. ಹಾಗಂತ ಅದಕ್ಕೆ ನನ್ನ ಮೇಲೆ ಹಕ್ಕಿಲ್ಲವೇ? ಇಲ್ಲೊಂದು ಸ್ವಾರಸ್ಯ. ರಾಲ್ಸ್ ಕೂಡ ಹಾರ್ವರ್ಡಿನಲ್ಲೇ ಇದ್ದರು. ಸ್ಯಾಂಡೆಲ್ ಅಲ್ಲಿಗೆ ಹೊಸದಾಗಿ ಬಂದಾಗ ಅವರೇ ಫೋನ್ ಮಾಡಿ, ನಾನು ಜಾನ್ ರಾಲ್ಸ್ ಎಂದು ಹೇಳಿ, ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ ಹೇಳಿದರಂತೆ. ತಮ್ಮ ಹೆಸರು ಈ ಹುಡುಗನಿಗೆ ಗೊತ್ತಿರಲಿಕ್ಕಿಲ್ಲ ಎಂಬ ಹಾಗೆ.

ಆರಿಸಿಕೊಳ್ಳದ ಬಂಧ ನಮ್ಮನ್ನು ಹೇಗೆ ಹಿಡಿಯುತ್ತದೆ ಎನ್ನಲು ಸ್ಯಾಂಡೆಲ್ ಮುಂದೆ ಇಬ್ಬರು ತಮ್ಮಂದಿರ ಕಥೆ ಹೇಳಿದರು. ವಿಲಿಯಂ ಬಲ್ಜರ್ ಮ್ಯಾಸಚೂಸೆಟ್ಸ್ ರಾಜ್ಯದ ದೊಡ್ಡ ರಾಜಕಾರಣಿ, ಆಮೇಲೆ ಅಲ್ಲಿನ ವಿಶ್ವವಿದ್ಯಾಲಯದ ಅಧ್ಯಕ್ಷ. ಅಣ್ಣ 'ವೈಟಿ' ಬಲ್ಜರ್ ಕೊಲೆ ಆರೋಪ ಹೊತ್ತು ತಲೆಮರೆಸಿಕೊಂಡ ಗ್ಯಾಂಗ್‌ಸ್ಟರ್. ಅಣ್ಣನನ್ನು ಹಿಡಿದುಕೊಡಲು ತಮ್ಮ ನೆರವಾಗಲಿಲ್ಲ, ಅದರ ಗದ್ದಲದಲ್ಲಿ 2003ರಲ್ಲಿ ಹುದ್ದೆ ಬಿಡಬೇಕಾಯಿತು. ಇನ್ನೊಬ್ಬ ಡೇವಿಡ್ ಕಾಸಿನ್ಸ್‌ಕಿ. ವರ್ಷಗಟ್ಟಲೆ ಅಂಚೆಯಲ್ಲಿ ಬಾಂಬ್ ಕಳಿಸುತ್ತಿದ್ದ 'ಯುನಾಬಾಂಬರ್' ತನ್ನ ಅಣ್ಣನೇ ಇರಬಹುದು ಎಂದು ಬರವಣಿಗೆಯ ಧಾಟಿಯಿಂದ ಗುರುತಿಸಿ, ಸಂಕಟಪಟ್ಟು ಪೊಲೀಸರಿಗೆ ತಿಳಿಸಿದ. ಇಬ್ಬರೂ ಬೇರೆ ಬೇರೆ ದಾರಿ ಹಿಡಿದರು. ಯಾರು ಸರಿ ಅನ್ನುವುದು ಬೇರೆ ಮಾತು. ಇಬ್ಬರಿಗೂ ಯಾಕೆ ಅಷ್ಟು ಕಷ್ಟವಾಯಿತು? ಅಣ್ಣತಮ್ಮತನ ಬರೀ ಒಂದು ಆಯ್ಕೆ ಆಗಿದ್ದರೆ ಕಷ್ಟವೇ ಆಗುತ್ತಿರಲಿಲ್ಲ.

ಈಗ ಟೋಪಿಗೆ ಬರೋಣ. 1989ರ ಒಂದು ಲೇಖನದಲ್ಲೂ 1996ರ 'ಡೆಮಾಕ್ರಸೀಸ್ ಡಿಸ್‌ಕಂಟೆಂಟ್' ಪುಸ್ತಕದಲ್ಲೂ ಸ್ಯಾಂಡೆಲ್ ಅಮೆರಿಕದ ಧಾರ್ಮಿಕ ಸ್ವಾತಂತ್ರ್ಯದ ಇತಿಹಾಸವನ್ನು ಮತ್ತೆ ಓದಿದರು. ವರ್ಜೀನಿಯಾದಲ್ಲಿ ಜೆಫರ್ಸನ್ ಬರೆದು 1786ರಲ್ಲಿ ಜಾರಿಗೆ ಬಂದ ಧಾರ್ಮಿಕ ಸ್ವಾತಂತ್ರ್ಯದ ಕಾಯ್ದೆ, ಅದಕ್ಕೆ ಮುಂಚೆ 1785ರಲ್ಲಿ ಪಾದ್ರಿಗಳ ಸಂಬಳಕ್ಕಾಗಿ ಜನರ ಮೇಲೆ ತೆರಿಗೆ ಹಾಕುವುದನ್ನು ವಿರೋಧಿಸಿ ಮ್ಯಾಡಿಸನ್ ಬರೆದ ಮನವಿ, ಎರಡನ್ನೂ ಬಿಡಿಸಿ ನೋಡಿದರು. ಅಲ್ಲಿನ ವಾದ ನಮ್ಮ ಕಾಲದ ವಾದಕ್ಕೆ ತಿರುಗುಮುರುಗು. ಮನುಷ್ಯ ತನ್ನ ಧರ್ಮವನ್ನು ಮುಕ್ತವಾಗಿ ಆರಿಸಿಕೊಳ್ಳಬಲ್ಲ, ಆದ್ದರಿಂದ ಬಿಡಿ ಎಂದು ಅವರು ಹೇಳಲಿಲ್ಲ. ನಂಬಿಕೆ ಮನುಷ್ಯನ ಇಚ್ಛೆಗೆ ಸಿಗುವುದಿಲ್ಲ, ಮನಸ್ಸಿಗೆ ಯಾವುದು ಸತ್ಯ ಎಂದು ತೋರಿತೋ ಅದನ್ನೇ ನಂಬಬೇಕು, ಸೃಷ್ಟಿಕರ್ತನಿಗೆ ಸಲ್ಲಬೇಕಾದ ಕರ್ತವ್ಯ ಸರ್ಕಾರಕ್ಕಿಂತ ಮೊದಲಿನದು, ಆದ್ದರಿಂದಲೇ ಬಲವಂತ ಮಾಡಬೇಡಿ ಎಂದರು. ಅಂದರೆ ಸ್ವಾತಂತ್ರ್ಯದ ಬುಡ ಇದ್ದದ್ದು ಜಮೀರಿನಲ್ಲಿ. ಎರಡು ಶತಮಾನ ಕಳೆಯುವಷ್ಟರಲ್ಲಿ ಕೋರ್ಟುಗಳು ಆ ಬುಡವನ್ನು ಮರ್ಜಿಗೆ ವರ್ಗಾಯಿಸಿದವು.

ವರ್ಗಾಯಿಸಿದರೆ ಏನು ನಷ್ಟ, ಆಯ್ಕೆಯ ಸ್ವಾತಂತ್ರ್ಯ ಇನ್ನೂ ದೊಡ್ಡದಲ್ಲವೇ ಎಂದು ನೀವು ಕೇಳಬಹುದು. 1985ರ ಒಂದು ತೀರ್ಪು ನೋಡಿ. ಕನೆಕ್ಟಿಕಟ್ ರಾಜ್ಯದಲ್ಲಿ ಒಂದು ಕಾನೂನು ಇತ್ತು, ತನ್ನ ಧರ್ಮದ ವಿಶ್ರಾಂತಿಯ ದಿನ ಕೆಲಸಕ್ಕೆ ಬಾ ಎಂದು ಯಾರನ್ನೂ ಒತ್ತಾಯಿಸುವಂತಿಲ್ಲ. ಕ್ಯಾಲ್ಡರ್ ಎಂಬ ಅಂಗಡಿಯ ನೌಕರರೊಬ್ಬರು ಭಾನುವಾರ ಬರುವುದಿಲ್ಲ ಎಂದರು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು, ಎಂಟು ಜನ ನ್ಯಾಯಮೂರ್ತಿಗಳು ಆ ಕಾನೂನನ್ನೇ ಹೊಡೆದುಹಾಕಿದರು. ಅವರ ಕಾರಣಗಳಲ್ಲೊಂದು ಹೀಗಿತ್ತು: ಬೇರೆ ನೌಕರರಿಗೂ ವಾರದ ಕೊನೆಯಲ್ಲಿ ರಜೆ ಬೇಕು, ಅವರಿಗೂ ಬಲವಾದ ಕಾರಣಗಳಿವೆ, ಧರ್ಮದವರಿಗೆ ಮಾತ್ರ ಯಾಕೆ? ಸ್ಯಾಂಡೆಲ್ ಹಿಡಿದದ್ದು ಇದನ್ನು. ಭಾನುವಾರ ಮಕ್ಕಳನ್ನು ಪಿಕ್ನಿಕ್ಕಿಗೆ ಕರೆದುಕೊಂಡು ಹೋಗುವವನು ಶನಿವಾರವೂ ಹೋಗಬಹುದು. ದೇವರ ದಿನವನ್ನು ಪಾಲಿಸುವವನಿಗೆ ದಿನ ಬದಲಾಯಿಸುವ ಅಧಿಕಾರವೇ ಇಲ್ಲ. ಎಲ್ಲವನ್ನೂ ಆಯ್ಕೆ ಎಂದು ಒಂದೇ ತಕ್ಕಡಿಗೆ ಹಾಕಿದರೆ, ಕರ್ತವ್ಯಕ್ಕೆ ಕಟ್ಟುಬಿದ್ದವನು ಹಠಮಾರಿಯಂತೆ ಕಾಣುತ್ತಾನೆ.

ಸ್ಯಾಂಡೆಲ್ ಅವರ ಹೆಸರು ಜಗತ್ತಿಗೆ ಹಬ್ಬಿದ್ದು ಇದರಿಂದಲ್ಲ ಬಿಡಿ. ಹಾರ್ವರ್ಡಿನ ಸ್ಯಾಂಡರ್ಸ್ ಥಿಯೇಟರಿನಲ್ಲಿ ಸುಮಾರು ಸಾವಿರ ವಿದ್ಯಾರ್ಥಿಗಳ ಮುಂದೆ ನಡೆಸುತ್ತಿದ್ದ 'ಜಸ್ಟಿಸ್' ತರಗತಿ 2009ರಲ್ಲಿ ಟಿವಿಗೂ ಇಂಟರ್‌ನೆಟ್ಟಿಗೂ ಬಂತು, ಪುಸ್ತಕವೂ ಆಯಿತು. ಜಪಾನಿನಲ್ಲಿ, ದಕ್ಷಿಣ ಕೊರಿಯಾದಲ್ಲಿ ಅವರು ಸಿನಿಮಾ ನಟರಷ್ಟು ಪ್ರಸಿದ್ಧರಾದರು. 2013ರಲ್ಲಿ ಸ್ಯಾನ್ ಹೋಸೆ ವಿಶ್ವವಿದ್ಯಾಲಯದ ತತ್ವಶಾಸ್ತ್ರದ ಮೇಷ್ಟರುಗಳು ಅವರಿಗೊಂದು ಬಹಿರಂಗ ಪತ್ರ ಬರೆದರು. ನಿಮ್ಮ ವಿಡಿಯೋವನ್ನು ನಮ್ಮ ಹುಡುಗರಿಗೆ ತೋರಿಸಿ ಎಂದು ನಮಗೆ ಹೇಳುತ್ತಿದ್ದಾರೆ, ಶ್ರೀಮಂತ ಕಾಲೇಜಿನವರಿಗೆ ಮೇಷ್ಟರು, ನಮ್ಮವರಿಗೆ ಪರದೆ, ಇದ್ಯಾವ ನ್ಯಾಯ ಅಂತ. ನ್ಯಾಯದ ಪಾಠವನ್ನೇ ಅನ್ಯಾಯಕ್ಕೆ ಬಳಸಬೇಡಿ ಎಂಬ ಆ ಪತ್ರ ನನಗೆ ಬಹಳ ಹಿಡಿಸಿತು. ನಾನೂ ಸಾಧಾರಣ ಶಾಲೆಯ ಮೇಷ್ಟರೇ. ತಮ್ಮ ಪಾಠಗಳು ಬೇರೆ ಕಡೆಯ ಶಿಕ್ಷಕರಿಗೆ ತೊಂದರೆ ಮಾಡಬಾರದು ಎಂದು ಸ್ಯಾಂಡೆಲ್ ಉತ್ತರಿಸಿದರು. ಹಣದಿಂದ ಏನನ್ನು ಕೊಳ್ಳಬಾರದು ಎಂಬ 2012ರ ಪುಸ್ತಕ, ಪ್ರತಿಭೆಯ ಅಹಂಕಾರವನ್ನು ಕುರಿತ 2020ರ ಪುಸ್ತಕ, ಇವೂ ಓದಬೇಕಾದವೇ. ಹಾರ್ವರ್ಡಿನಂಥ ಕಡೆ ಅರ್ಹರ ಹೆಸರುಗಳನ್ನು ಹಾಕಿ ಚೀಟಿ ಎತ್ತಿ ಎಂದು 2020ರ ಪುಸ್ತಕದಲ್ಲಿ ಹೇಳಿದ್ದಾರೆ. ನೀಟ್ ಫಲಿತಾಂಶದ ದಿನ ಮಕ್ಕಳ ಮುಖ ನೋಡಿದವರಿಗೆ ಅದರ ಅರ್ಥ ತಕ್ಷಣ ಆಗುತ್ತದೆ.

ಅಮೆರಿಕದ ಈ ಜಗಳ ನಮಗೆ ಯಾಕೆ ಅಂದರೆ, ನಮ್ಮ ಸಂವಿಧಾನದ 25ನೇ ವಿಧಿಯಲ್ಲಿ ಧರ್ಮಕ್ಕಿಂತ ಮೊದಲು ಬರುವ ಪದವೇ ಆತ್ಮಸಾಕ್ಷಿ. ಆದರೂ ನಮ್ಮ ಕೋರ್ಟುಗಳು ಬೇರೊಂದು ದಾರಿಯಲ್ಲಿ ನಡೆದವು. 1954ರ ಶೀರೂರು ಮಠದ ಪ್ರಕರಣ, ಉಡುಪಿಯ ಅಷ್ಟಮಠಗಳಲ್ಲಿ ಒಂದು ಆ ಮಠ. ಒಂದು ಧರ್ಮದ 'ಅವಶ್ಯಕ' ಆಚರಣೆ ಯಾವುದೆಂದು ಆ ಧರ್ಮದ ಸಿದ್ಧಾಂತದಿಂದಲೇ ತಿಳಿಯಬೇಕು ಎಂದು ಅಲ್ಲಿ ಹೇಳಿದ್ದು ರಕ್ಷಣೆಗೆಂದೇ. ಬರುಬರುತ್ತಾ ಅವಶ್ಯಕವೋ ಅಲ್ಲವೋ ಎಂದು ನ್ಯಾಯಾಧೀಶರೇ ಗ್ರಂಥ ತೆರೆದು ನಿರ್ಧರಿಸುವ ಪದ್ಧತಿ ಬೆಳೆಯಿತು. ನಡುವೆ ಒಂದು ಅಪರೂಪದ ತೀರ್ಪು ಬಂತು. ಗೋಲ್ಡ್‌ಮನ್ ಸೋತ ಅದೇ 1986, ಆಗಸ್ಟ್ 11. ಕೇರಳದ ಶಾಲೆಯೊಂದರಲ್ಲಿ ಬಿಜೋ ಎಮ್ಯಾನುಯೆಲ್ ಮತ್ತು ಅವನ ಇಬ್ಬರು ತಂಗಿಯರು ರಾಷ್ಟ್ರಗೀತೆಗೆ ಎದ್ದು ನಿಂತು ಗೌರವ ಕೊಡುತ್ತಿದ್ದರು, ಹಾಡುತ್ತಿರಲಿಲ್ಲ. ಅವರು ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಗಡದವರು. ಶಾಲೆಯಿಂದ ಹೊರಗೆ ಹಾಕಿದರು. ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಅವರ ಪೀಠ ಮಕ್ಕಳನ್ನು ವಾಪಸ್ ಸೇರಿಸಿಕೊಳ್ಳಿ ಎಂದಿತು. ಅವರ ನಂಬಿಕೆ ನಮ್ಮ ಬುದ್ಧಿಗೆ ಒಪ್ಪುತ್ತದೋ ಇಲ್ಲವೋ ಅದು ಪ್ರಶ್ನೆಯಲ್ಲ, ಅವರು ಅದನ್ನು ಪ್ರಾಮಾಣಿಕವಾಗಿ, ಮನಃಪೂರ್ವಕವಾಗಿ ನಂಬಿದ್ದಾರೆಯೇ ಎಂಬುದಷ್ಟೇ ಪ್ರಶ್ನೆ.

2022ರ ಕಥೆ ನಿಮಗೆ ಗೊತ್ತಿರುವುದೇ. ಮತ್ತೆ ಉಡುಪಿ. ಮಾರ್ಚ್ 15ರಂದು ಕರ್ನಾಟಕ ಹೈಕೋರ್ಟು, ಹಿಜಾಬ್ ಅವಶ್ಯಕ ಆಚರಣೆಯಲ್ಲ, ಸಮವಸ್ತ್ರದ ನಿಯಮ ಸಮಂಜಸ ಎಂದಿತು. ಆತ್ಮಸಾಕ್ಷಿಯ ವಾದವೂ ಅಲ್ಲಿ ಬಂದಿತ್ತು, ಅದಕ್ಕೆ ಬೇಕಾದ ಆಧಾರ ಅರ್ಜಿಯಲ್ಲಿ ಇಲ್ಲ ಎಂದು ಬದಿಗಿಟ್ಟರು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಇಬ್ಭಾಗವಾದರು. ಹೇಮಂತ್ ಗುಪ್ತಾ ಹೈಕೋರ್ಟನ್ನು ಎತ್ತಿಹಿಡಿದರು, ಸುಧಾಂಶು ಧುಲಿಯಾ ಒಪ್ಪಲಿಲ್ಲ. ಧುಲಿಯಾ ಅವರ ತೀರ್ಪಿನಲ್ಲಿ ಎರಡೂ ಮಾತಿವೆ, ಆಯ್ಕೆ ಎಂಬುದೂ ಇದೆ, ಆತ್ಮಸಾಕ್ಷಿ ಎಂಬುದೂ ಇದೆ, ಬಿಜೋ ಪ್ರಕರಣವೂ ಇದೆ. ಪತ್ರಿಕೆಗಳ ತಲೆಬರಹಕ್ಕೆ ಹತ್ತಿದ್ದು ಆಯ್ಕೆ ಮಾತ್ರ. ನಮ್ಮವರೂ ಅದನ್ನೇ ಫಲಕಗಳಲ್ಲಿ ಬರೆದು ಹಿಡಿದರು, 'ಇದು ನನ್ನ ಆಯ್ಕೆ' ಅಂತ. ಆಗ ಎದುರಿನವರ ಉತ್ತರ ಸಿದ್ಧವಾಗಿತ್ತು: ನಿನ್ನ ಆಯ್ಕೆ ತಾನೇ, ಮೂರು ಗಂಟೆ ತೆಗೆದಿಡು. ರೆನ್‌ಕ್ವಿಸ್ಟ್ ಗೋಲ್ಡ್‌ಮನ್‌ಗೆ ಹೇಳಿದ್ದು ಇದನ್ನೇ. ಸುಪ್ರೀಂ ಕೋರ್ಟಿನ ವಿಚಾರಣೆ ನಡೆಯುತ್ತಿದ್ದ ಅದೇ ಸೆಪ್ಟೆಂಬರಿನಲ್ಲಿ ಇರಾನಿನಲ್ಲಿ ಮಹ್ಸಾ ಅಮೀನಿ, ಸರಿಯಾಗಿ ತಲೆ ಮುಚ್ಚಲಿಲ್ಲ ಎಂದು ಹಿಡಿದ ಪೊಲೀಸರ ವಶದಲ್ಲಿದ್ದು ಸತ್ತಳು. ಇಲ್ಲಿ ತೆಗೆ ಅನ್ನುವವರು, ಅಲ್ಲಿ ಹಾಕು ಅನ್ನುವವರು. ಜಮೀರಿನ ವಾದ ಇಬ್ಬರು ಹುಡುಗಿಯರನ್ನೂ ಕಾಯುತ್ತದೆ. ಬಲವಂತದಿಂದ ಹೊದಿಸಿದ ಬಟ್ಟೆಯಲ್ಲಿ ಆತ್ಮಸಾಕ್ಷಿ ಇರಲು ಹೇಗೆ ಸಾಧ್ಯ?

ಇಷ್ಟೆಲ್ಲ ಒಪ್ಪಿದ ಮೇಲೂ ಒಂದು ಕಡೆ ಸ್ಯಾಂಡೆಲ್ ಜೊತೆ ನನಗೆ ಜಗಳವಿದೆ. ಧಾರ್ಮಿಕ ಆಚರಣೆಯನ್ನು ಯಾಕೆ ವಿಶೇಷವಾಗಿ ಕಾಯಬೇಕು ಎಂಬುದಕ್ಕೆ ಅವರ ಕೊನೆಯ ಉತ್ತರ, ಅದು ಹುಟ್ಟಿಸುವ ಬದುಕಿನ ರೀತಿಗಳು ಗೌರವಕ್ಕೆ ಯೋಗ್ಯ ಎಂಬುದು. ಯೋಗ್ಯ ಎಂದು ತೀರ್ಮಾನಿಸುವವರು ಯಾರು? ನಾವು ಎಷ್ಟೋ ಊರುಗಳಲ್ಲಿ ಕಡಿಮೆ ಜನ. ನಮ್ಮ ಬದುಕಿನ ರೀತಿ ಯೋಗ್ಯವೋ ಅಲ್ಲವೋ ಎಂದು ಅಕ್ಕಪಕ್ಕದವರು ಸಭೆ ಸೇರಿ ಚರ್ಚಿಸಲಿ, ಅದೇ ಪ್ರಜಾಪ್ರಭುತ್ವ ಎಂದರೆ ಎದೆ ನಡುಗುತ್ತದೆ. ಆಗ ರಾಲ್ಸ್ ಅವರ ಪರದೆ ನೆನಪಾಗುತ್ತದೆ, ಅದರ ಹಿಂದೆ ಎಷ್ಟು ಒಣ ಮನುಷ್ಯ ಕೂತಿದ್ದರೂ ಸರಿ. ಚಿನ್ನಪ್ಪ ರೆಡ್ಡಿಯವರ ಅಳತೆಗೋಲು ನನಗೆ ಸ್ಯಾಂಡೆಲ್ ಅವರದಕ್ಕಿಂತ ಹೆಚ್ಚು ಭರವಸೆ ಕೊಡುವುದು ಇದೇ ಕಾರಣಕ್ಕೆ. ಪ್ರಾಮಾಣಿಕತೆಯನ್ನು ನೋಡಿ, ಯೋಗ್ಯತೆಯ ಸರ್ಟಿಫಿಕೇಟು ಕೇಳಬೇಡಿ ಅಂತ ಅದು ಹೇಳುತ್ತದೆ.

ನ್ಯಾಯವಾಗಿ ಹೇಳಬೇಕೆಂದರೆ, ಈ ಆಪಾದನೆ ಸ್ಯಾಂಡೆಲ್ ಅವರಿಗೆ ಹೊಸದಲ್ಲ. ಟೇಲರ್, ಮ್ಯಾಕಿಂಟೈರ್, ವಾಲ್ಜರ್ ಜೊತೆ ಸೇರಿಸಿ ಅವರಿಗೆ 'ಸಮುದಾಯವಾದಿ' ಎಂಬ ಚೀಟಿ ಅಂಟಿಸಿದ್ದರು. 1998ರಲ್ಲಿ ಮೊದಲ ಪುಸ್ತಕದ ಎರಡನೇ ಮುದ್ರಣಕ್ಕೆ ಮುನ್ನುಡಿ ಬರೆಯುತ್ತಾ ಅವರು ಅದನ್ನು ಕಿತ್ತು ಹಾಕಿದರು. ಹೆಚ್ಚು ಜನ ಹೇಳಿದ್ದೇ ಸರಿ, ಊರಿನ ರೂಢಿಯೇ ನೀತಿ ಎಂಬುದು ಸಮುದಾಯವಾದ ಆದರೆ ನಾನು ಅವನಲ್ಲ ಎಂಬುದು ಅದರ ಸಾರ. ಅದಕ್ಕೆ ಕೊಟ್ಟ ಉದಾಹರಣೆ ಅಲಬಾಮಾದ್ದು. 1965ರಲ್ಲಿ ಸೆಲ್ಮಾದಿಂದ ಮಾಂಟ್ಗೋಮರಿಗೆ ಕರಿಯರ ಮೆರವಣಿಗೆ ಹೊರಟಾಗ ಅಲ್ಲಿನ ಬಿಳಿಯರ 'ಸಮುದಾಯ' ಪೂರ್ತಿ ಎದುರು ನಿಂತಿತ್ತು. ಫೆಡರಲ್ ನ್ಯಾಯಾಧೀಶ ಫ್ರಾಂಕ್ ಜಾನ್ಸನ್ ಹೆದ್ದಾರಿಯನ್ನು ಮೆರವಣಿಗೆಗೆ ಬಿಟ್ಟುಕೊಟ್ಟರು. ಸಮುದಾಯ ಬೇಡ ಅಂದಿತು ಎಂದು ತಡೆಯುವುದು ತಪ್ಪು, ಕಣ್ಣುಮುಚ್ಚಿ ಎಲ್ಲ ಮೆರವಣಿಗೆಯೂ ಒಂದೇ ಅನ್ನುವುದೂ ಸಾಲದು, ಏಕೆಂದರೆ ಆಗ ಇಲಿನಾಯ್ಸ್‌ನ ಸ್ಕೋಕಿಯಲ್ಲಿ ಹತ್ಯಾಕಾಂಡದಿಂದ ಬದುಕುಳಿದ ಯಹೂದಿಗಳ ಮನೆಗಳ ಮುಂದೆ ಹೋಗಲು ಹಟ ಹಿಡಿದ ನಾಜಿಗಳಿಗೂ ಸೆಲ್ಮಾದವರಿಗೂ ವ್ಯತ್ಯಾಸವೇ ಉಳಿಯುವುದಿಲ್ಲ. ಮೆರವಣಿಗೆ ಯಾವುದಕ್ಕಾಗಿ ಎಂದು ನೋಡಲೇಬೇಕು ಅನ್ನುತ್ತಾರೆ ಅವರು. ಜಾನ್ಸನ್ ಅಂಥ ನ್ಯಾಯಾಧೀಶರು ಸಿಕ್ಕ ಕಡೆ ಇದು ಸರಿ. ಸಿಗದ ಕಡೆ ಏನು ಮಾಡಬೇಕು ಎಂಬುದಕ್ಕೆ ಆ ಮುನ್ನುಡಿಯಲ್ಲಿ ನನಗೆ ಉತ್ತರ ಸಿಗಲಿಲ್ಲ.

ಗೋಲ್ಡ್‌ಮನ್ ವಿಷಯ ಕೋರ್ಟಿನಲ್ಲಿ ಮುಗಿಯಲಿಲ್ಲ. ಮರುವರ್ಷ, 1987ರಲ್ಲಿ, ಅಮೆರಿಕದ ಸಂಸತ್ತು ಸೇನೆಯ ಕಾನೂನಿಗೆ ಒಂದು ತಿದ್ದುಪಡಿ ಸೇರಿಸಿತು. ಕೆಲಸಕ್ಕೆ ಅಡ್ಡಿಯಾಗದ, ಅಚ್ಚುಕಟ್ಟಾದ, ಕಣ್ಣಿಗೆ ಹೊಡೆಯದ ಧಾರ್ಮಿಕ ಉಡುಪನ್ನು ಸಮವಸ್ತ್ರದ ಜೊತೆ ಧರಿಸಬಹುದು. ಒಂಬತ್ತು ನ್ಯಾಯಮೂರ್ತಿಗಳ ಮುಂದೆ ಸೋತದ್ದು ಚುನಾಯಿತ ಸದಸ್ಯರ ಮುಂದೆ ಗೆದ್ದಿತು. ಅವರಲ್ಲಿ ಹೆಚ್ಚಿನವರು ಯಹೂದಿಗಳಲ್ಲ.